ಫಾಕ್ಸ್‌ಪಿ3 ಸ್ಟೇನಿಂಗ್ ಕಿಟ್: ಎಣಿಕೆಗೆ ಸೈ, ಸಿಗ್ನಲ್ ನೋಡೋಕೆ ಸಾಲದು

ಟಿ-ರೆಗ್ ಕೋಶಗಳ (ರೋಗನಿರೋಧಕ ವ್ಯವಸ್ಥೆ ಅತಿಯಾಗದಂತೆ ತಡೆಯುವ ಟಿ ಕೋಶಗಳು) ಮೇಲೆ ಕೆಲಸ ಮಾಡುವವರು ಈ ಕಿಟ್ ತಗೋಬಹುದಾ ಅಂತ ಕೇಳಿದರೆ, ನಿಮಗೆ ಏನು ನೋಡಬೇಕು ಅಂತ ಮೊದಲು ಕೇಳುತ್ತೇನೆ. ಸುಮ್ನೆ ಎಣಿಸಬೇಕಾ? ಕಣ್ಣು ಮುಚ್ಚಿ ತಗೊಳ್ಳಿ. ಕೋಶ ಸಿಗ್ನಲ್‌ಗೆ ಸ್ಪಂದಿಸುತ್ತಿದೆಯಾ ಅಂತ ನೋಡಬೇಕಾ? ಇದೊಂದರಿಂದ ಆಗುವುದಿಲ್ಲ.

ಟಿ-ರೆಗ್ ಗುರುತಿಸಲು ನೋಡುವ ಪ್ರೋಟೀನ್ ಫಾಕ್ಸ್‌ಪಿ3 ಇರುವುದು ಕೋಶದ ನ್ಯೂಕ್ಲಿಯಸ್ ಒಳಗೆ. ಈ ಕಿಟ್‌ನ ಬಫರ್ ಅಲ್ಲಿವರೆಗೂ ಬಣ್ಣ ಅಂಟಿಸಿದ ಆ್ಯಂಟಿಬಾಡಿಯನ್ನು ಚೆನ್ನಾಗಿ ತಲುಪಿಸುತ್ತದೆ. ಕೋಶದ ಮೇಲ್ಮೈ ಗುರುತುಗಳಾದ ಸಿಡಿ4, ಸಿಡಿ25ರ ಆ್ಯಂಟಿಬಾಡಿ ಮೊದಲೇ ಹಾಕಿಕೊಂಡರೆ ಫ್ಲೋ ಪ್ಲಾಟ್‌ನಲ್ಲಿ (ಕೋಶಗಳ ಬಣ್ಣವನ್ನು ಒಂದೊಂದಾಗಿ ಅಳೆಯುವ ಯಂತ್ರದ ಚಿತ್ರ) ಟಿ-ರೆಗ್ ಗುಂಪು ಬೇರೆಯಾಗಿ ನಿಲ್ಲುತ್ತದೆ, ಗೇಟ್ (ಎಣಿಸಬೇಕಾದ ಗುಂಪಿನ ಸುತ್ತಲಿನ ಗೆರೆ) ಎಲ್ಲಿ ಎಳೆಯಬೇಕು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಫಿಕ್ಸ್ ಆದಮೇಲೆ (ಕೋಶವನ್ನು ರಾಸಾಯನಿಕದಿಂದ ಇದ್ದ ಹಾಗೇ ನಿಲ್ಲಿಸಿದ ಮೇಲೆ) ಪೆಲೆಟ್, ಅಂದರೆ ತಳಕ್ಕಿಳಿದ ಕೋಶಗಳ ಮುದ್ದೆ, ಕಣ್ಣಿಗೇ ಬೀಳದಷ್ಟು ತಿಳಿಯಾಗಿ, ಟ್ಯೂಬಿನ ತಳದಲ್ಲಿ ಸಡಿಲವಾಗಿ ಹರಡಿಕೊಂಡಿರುತ್ತದೆ. ಸೆಂಟ್ರಿಫ್ಯೂಜ್ ವೇಗ ಸ್ವಲ್ಪ ಜಾಸ್ತಿ ಮಾಡಿ, ಮೇಲಿನ ದ್ರವವನ್ನು ನಿಧಾನಕ್ಕೆ ತೆಗೆಯಿರಿ. ಕೈಪಿಡಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು. ಮನುಷ್ಯರ ರಕ್ತವಾದರೆ ಟಿ-ರೆಗ್ ಮೇಲೆ ಕಮ್ಮಿ ಇರುವ ಸಿಡಿ127 ಗುರುತು ಕೂಡ ನೋಡಲೇಬೇಕು, ಯಾಕೆಂದರೆ ಚುರುಕಾದ ಸಾಮಾನ್ಯ ಟಿ ಕೋಶವೂ ಸ್ವಲ್ಪ ಹೊತ್ತು ಫಾಕ್ಸ್‌ಪಿ3 ತೋರಿಸುತ್ತದೆ.

ನನ್ನ ತಕರಾರು ಇರುವುದು ಡಬ್ಬಿಯ ಮೇಲಿನ 'ಫಾಸ್ಫೋ ಪ್ರೋಟೀನ್‌ಗೂ ಆಗುತ್ತದೆ' ಅನ್ನುವ ಮಾತಿನ ಬಗ್ಗೆ. ಸಿಗ್ನಲ್ ಬಂದಾಗ ಫಾಸ್ಫೇಟ್ ಅಂಟಿಕೊಂಡು ಚುರುಕಾಗುವ ಪ್ರೋಟೀನ್‌ಗಳು ಇವು. ಉರಿಯೂತದ ಕಾಯಿಲೆಗಳಲ್ಲಿ ಅಸಲಿ ಕಥೆ ನಡೆಯುವುದೇ ಅಲ್ಲಿ ಅಲ್ವಾ? ಐಎಲ್-2 ಎಂಬ ಸಂದೇಶದ ಪ್ರೋಟೀನ್ ಬಂದು ಸಿಡಿ25 ಇರುವ ರಿಸೆಪ್ಟರ್‌ಗೆ ಅಂಟಿದಾಗ ಒಳಗೆ ಸಿಗ್ನಲ್ ಸಾಗಿಸುವ ಪ್ರೋಟೀನ್ ಸ್ಟ್ಯಾಟ್5 ಚುರುಕಾಗುತ್ತದೆ, ಅದು ಫಾಕ್ಸ್‌ಪಿ3 ಉಳಿಯುವಂತೆ ನೋಡಿಕೊಳ್ಳುತ್ತದೆ. ಉರಿಯೂತದ ಸಂದೇಶವಾದ ಐಎಲ್-6 ಜಾಸ್ತಿಯಾದರೆ ಅದೇ ಬಗೆಯ ಸ್ಟ್ಯಾಟ್3 ಏಳುತ್ತದೆ. ಟಿಜಿಎಫ್-ಬೀಟಾ ಎಂಬ ಇನ್ನೊಂದು ಸಂದೇಶ ಒಂದೇ ಇದ್ದರೆ ಟಿ-ರೆಗ್ ಆಗಬಹುದಾಗಿದ್ದ ಹೊಸ ಟಿ ಕೋಶ, ಆಗ ಉರಿಯೂತ ಹೆಚ್ಚಿಸುವ ಟಿಎಚ್17 ಕೋಶವಾಗುವ ಕಡೆ ತಿರುಗುತ್ತದೆ. ಟೈಪ್ 1 ಡಯಾಬಿಟಿಸ್ ಇರುವ ಕೆಲವರಲ್ಲಿ ಐಎಲ್-2 ಕೊಟ್ಟರೂ ಟಿ-ರೆಗ್ ಒಳಗಿನ ಸ್ಟ್ಯಾಟ್5 ಸರಿಯಾಗಿ ಏಳುವುದಿಲ್ಲ. ಬರೀ ಎಣಿಸಿದರೆ ಇದು ಗೊತ್ತೇ ಆಗುವುದಿಲ್ಲ.

ಈ ಕಿಟ್‌ನಲ್ಲಿ ಫಾಸ್ಫೋ-ಸ್ಟ್ಯಾಟ್5 ನೋಡಿದರೆ ಐಎಲ್-2 ಕೊಟ್ಟ ಟ್ಯೂಬಿಗೂ ಕೊಡದ ಟ್ಯೂಬಿಗೂ ವ್ಯತ್ಯಾಸ ತೀರಾ ಕಮ್ಮಿ. ಫಾಸ್ಫೋ-ಸ್ಟ್ಯಾಟ್5 ಚೆನ್ನಾಗಿ ಕಾಣಬೇಕಾದರೆ ತಣ್ಣನೆಯ ಮೆಥನಾಲ್ ಬೇಕು. ಐಎಲ್-2 ಹಾಕಿ 15 ನಿಮಿಷಕ್ಕೆ ನೇರವಾಗಿ ಫಿಕ್ಸ್ ಮಾಡಿ, ನಡುವೆ ತೊಳೆಯುತ್ತಾ ಕೂರಬೇಡಿ, ಆಮೇಲೆ ಮೆಥನಾಲ್ ಹಾಕಿ. ಪಿಇ, ಎಪಿಸಿ ಬಣ್ಣಗಳನ್ನು ಮೆಥನಾಲ್ ಕೆಡಿಸುತ್ತದೆ, ಅವನ್ನು ಅದಾದ ಮೇಲೆಯೇ ಹಾಕಿ.