ಎನಾಮಲ್ ವೈರಿನವನ ಪುಸ್ತಕಗಳು: ಓದಿಗೆ ಐದು ಸ್ಟಾರ್, ಪಾರ್ಸೆಲ್‌ಗೆ ಎರಡು

ಮೊದಲು ಮಾಲಿನ ವಿಚಾರ. ಪ್ರಿಮೊ ಲೇವಿಯ ಮೂರು ಪುಸ್ತಕ, ಇಂಗ್ಲಿಷಿನವು, ಸೆಕೆಂಡ್ ಹ್ಯಾಂಡ್. 'ಒಳ್ಳೆ ಸ್ಥಿತಿ' ಅಂತ ಹಾಕಿದ್ದರು. ಹಾಸನ ಮುಟ್ಟುವಷ್ಟರಲ್ಲಿ ಒಂದರ ಬೆನ್ನು ಬಿಟ್ಟುಹೋಗಿತ್ತು, ಇನ್ನೊಂದು ಮಳೆಗೆ ನೆಂದು ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಫೋಟೊ ಕಳಿಸಿ ಕೇಳಿದರೆ ಮಾರಿದವರಿಂದ ಉತ್ತರವೇ ಇಲ್ಲ.

ನಂದು ಮೋಟಾರ್ ವೈಂಡಿಂಗ್ ಅಂಗಡಿ. ನನಗೇಕೆ ಈ ಪುಸ್ತಕ? ಆತ ತಾಮ್ರದ ತಂತಿಗೆ ಹಚ್ಚುವ ಎನಾಮಲ್ ಮಾಡ್ತಿದ್ದ ಕೆಮಿಸ್ಟ್ ಅಂತ ಎಂಎಸ್ಸಿ ಓದುವ ಮಗಳು ಹೇಳಿದಳು. ಜಾಯಿಂಟ್ ಹಾಕೋವಾಗ ದಿನಾ ಬ್ಲೇಡಲ್ಲಿ ಕೆರೆದು ಬಿಸಾಕೋ ಪದರ ಅದು. ತರಿಸಿಬಿಟ್ಟೆ.

ಹುಟ್ಟಿದ್ದು 1919ರಲ್ಲಿ, ಇಟಲಿಯ ಟ್ಯೂರಿನ್‌ನಲ್ಲಿ. 1938ರಲ್ಲಿ ಯಹೂದಿಗಳ ವಿರುದ್ಧ ಕಾನೂನು ಬಂದರೂ ಆಗಲೇ ಕಾಲೇಜು ಸೇರಿದ್ದರಿಂದ ಓದು ಮುಗಿಸಲು ಬಿಟ್ಟರು. 1941ರಲ್ಲಿ ಮೇಲ್ದರ್ಜೆಯಲ್ಲಿ ಪಾಸು. ಸರ್ಟಿಫಿಕೇಟಿನ ಮೇಲೆ ಮಾತ್ರ 'ಯಹೂದಿ ಜನಾಂಗ' ಅಂತ ಬರೆದಿತ್ತು. ಫ್ಯಾಸಿಸ್ಟರ ವಿರುದ್ಧ ಹೋರಾಡೋ ಗುಂಪು ಸೇರಿ, 1943ರ ಡಿಸೆಂಬರಿನಲ್ಲಿ ಗುಡ್ಡಗಾಡಿನಲ್ಲಿ ಅವರ ಕೈಗೆ ಸಿಕ್ಕಿಬಿದ್ದ. ಮುಂದಿನ ಫೆಬ್ರವರಿಯಲ್ಲಿ ಗೂಡ್ಸ್ ಬೋಗಿಗೆ ತುಂಬಿ ನಾಜಿಗಳ ಸಾವಿನ ಕ್ಯಾಂಪಾದ ಆಶ್ವಿಟ್ಸ್‌ಗೆ ಕಳಿಸಿದರು. ಅವನ ಬೋಗಿಯ 45 ಜನರಲ್ಲಿ ವಾಪಸ್ ಮನೆ ಕಂಡವರು ನಾಲ್ಕೇ ಮಂದಿ. ತೋಳಿನ ಮೇಲೆ ಹಚ್ಚೆ: 174517.

ಅಳು ಬರುತ್ತೆ ಅಂತ ತಯಾರಾಗಿ ಕೂತಿದ್ದೆ. ಆತ ಅಳಿಸಲ್ಲ, ಲೆಕ್ಕ ಒಪ್ಪಿಸ್ತಾನೆ. ಹಂಡೆಯ ತಳದ ಸೂಪು ಗಟ್ಟಿ ಇರುತ್ತೆ, ಹಾಗಾಗಿ ಸಾಲಿನಲ್ಲಿ ಯಾವಾಗ ನಿಲ್ಲಬೇಕು ಅನ್ನೋದಕ್ಕೂ ಲೆಕ್ಕ! ಕೃತಕ ರಬ್ಬರ್ ಕಾರ್ಖಾನೆಯ ಲ್ಯಾಬಿಗೆ ಹಾಕಿದಾಗ ಕಬ್ಬಿಣ-ಸೀರಿಯಂ ಕಡ್ಡಿಗಳನ್ನು ಕದ್ದ. ರಾತ್ರಿ ಕಂಬಳಿಯೊಳಗೆ ಗೆಳೆಯ ಆಲ್ಬರ್ಟೊ ಜತೆ ಚಾಕುವಿನಲ್ಲಿ ಕೆರೆದು ಸಣ್ಣ ಮಾಡಿ, ಲೈಟರಿನ ಕಲ್ಲು ಅಂತ ಮಾರೋದು. ಒಂದು ಕಲ್ಲಿಗೆ ಒಂದು ದಿನದ ಬ್ರೆಡ್ಡು. ಕೆರೆದರೆ ಕಿಡಿ ಹಾರುತ್ತೆ, ಕೆಳಗೆ ಹುಲ್ಲಿನ ಹಾಸಿಗೆ. ಅಲ್ಲಿ ನನ್ನ ಕೈಯಲ್ಲಿದ್ದ ಬ್ಲೇಡು ನಿಂತೇಹೋಯ್ತು.

ದುದ್ದದಿಂದ ಮಾನೋಬ್ಲಾಕ್ ಪಂಪು ಸುಟ್ಟು ತಂದಿದ್ದ ಯಜಮಾನರು, "ಏನ್ ಸ್ವಾಮಿ, ಪರೀಕ್ಷೆ ಕಟ್ಟಿದ್ದೀರಾ?" ಅಂದರು. ಕಥೆ ಹೇಳಿದೆ. ಆರು ತಿಂಗಳು ದಿನಾ ಸೂಪು ತಂದುಕೊಟ್ಟ ಗಾರೆ ಕೆಲಸದ ಲೊರೆಂಜೊ ವಿಷಯಕ್ಕೆ ಬಂದಾಗ "ಅವನಿಗೇನು ಕೊಟ್ರಂತೆ?" ಅಂತ ಕೇಳಿದರು. ಏನೂ ತಗೊಳ್ಳಲಿಲ್ಲ ಅಂದೆ. ಯಜಮಾನರು ಎಲೆಅಡಿಕೆ ಚೀಲ ಬಿಚ್ಚಿ ಸುಮ್ಮನೆ ಕೂತರು. ಆ ಲೊರೆಂಜೊ ಊರಿಗೆ ಬಂದಮೇಲೆ ಕುಡಿತಕ್ಕೆ ಬಿದ್ದು 1952ರಲ್ಲಿ ತೀರಿಕೊಂಡ. ಅದನ್ನು ಅವರಿಗೆ ಹೇಳಲಿಲ್ಲ.

1945ರ ಜನವರಿಯಲ್ಲಿ ಕ್ಯಾಂಪು ಖಾಲಿ ಮಾಡಿಸಿದಾಗ ಲೇವಿ ಜ್ವರದಲ್ಲಿ ಮಲಗಿದ್ದ, ಹಾಗಾಗಿ ಉಳಿದ. ನಡೆಸಿಕೊಂಡು ಹೋದವರ ಜತೆ ಆಲ್ಬರ್ಟೊ ಹೋದ, ಬರಲಿಲ್ಲ. ಲೇವಿ ಊರೂರು ಅಲೆದು ಟ್ಯೂರಿನ್ ಸೇರಿದ್ದು ಅಕ್ಟೋಬರಿನಲ್ಲಿ. ಆ ಅಲೆದಾಟದ ಪುಸ್ತಕ ನನಗೆ ಸ್ವಲ್ಪ ಉದ್ದ ಆಯ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಸುಮಾರು 30 ವರ್ಷ ಆ ಎನಾಮಲ್ ಮಾಡುವ ಒಂದೇ ಪೇಂಟ್-ವಾರ್ನಿಷ್ ಕಾರ್ಖಾನೆಯಲ್ಲಿ ಕೆಲಸ, ಮ್ಯಾನೇಜರ್‌ವರೆಗೆ. ತೀರಿಕೊಂಡಿದ್ದು 1987ರಲ್ಲಿ. ಎಲ್ಲರೂ ಕ್ಯಾಂಪಿನ ಒಂದು ವರ್ಷವನ್ನೇ ಹೇಳ್ತಾರೆ. ವಾರ್ನಿಷ್ ಕೆಟ್ಟರೆ ಯಾಕೆ ಕೆಟ್ಟಿತು ಅಂತ ಬೆನ್ನು ಹತ್ತುವವನ ಬರಹ ನನಗೆ ಅದರಷ್ಟೇ ಹಿಡಿಸಿತು.

ಇಂಗ್ಲಿಷ್ ಕಷ್ಟವಿಲ್ಲ, ಮೊಬೈಲ್ ಡಿಕ್ಷನರಿ ಸಾಕು. ಕಳಚಿದ ಹಾಳೆಗಳನ್ನು ಕಾಯಿಲ್ ಕಟ್ಟುವ ದಾರದಲ್ಲಿ ನಾನೇ ಹೊಲಿದು ಕೂರಿಸಿದ್ದೀನಿ. ಬೇಕಾದವರು ಅಂಗಡಿಗೆ ಬಂದು ಓದಿ. ಮನೆಗೆ ಕೊಡಲ್ಲ.