ಕ್ರೌನ್ ಎಕ್ಸ್‌ಎಲ್‌ಐ 2500: ಬ್ರಿಡ್ಜ್ ಮಾಡಿದರೆ ಒಂದೇ ಡಬ್ಬ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಮೈಕ್‌ಸೆಟ್‌ನವರನ್ನು ಈ ಆಂಪ್ಲಿಫೈಯರ್ ಕಡೆಗೆ ಎಳೆಯುವುದು 1500 ವ್ಯಾಟ್ ಎಂಬ ಅಂಕಿ. ಅಂಕಿ ನಿಜವೇ, ಆದರೆ ಬ್ರಿಡ್ಜ್ ಮೋಡ್‌ನಲ್ಲಿ (ಎರಡೂ ಚಾನೆಲ್ ಸೇರಿ ಒಂದೇ ಲೋಡ್ ನಡೆಸುವಾಗ), 8 ಓಮ್ ಲೋಡ್‌ಗೆ ಮಾತ್ರ. ಓಮ್ ಎಂದರೆ ಸ್ಪೀಕರ್ ಒಡ್ಡುವ ತಡೆಯ ಅಳತೆ. ಸ್ಟೀರಿಯೊದಲ್ಲಿ ಒಂದೊಂದು ಚಾನೆಲ್ ಕೊಡುವುದು 8 ಓಮ್‌ಗೆ 500, 4 ಓಮ್‌ಗೆ 750 ವ್ಯಾಟ್. ಮದುವೆ ಪೆಂಡಾಲಿಗೆ ಎರಡು 8 ಓಮ್ ಬೇಸ್ ಡಬ್ಬ (ಸ್ಪೀಕರ್ ಪೆಟ್ಟಿಗೆ) ಒಯ್ಯುವವರು ಚಾನೆಲ್‌ಗೊಂದು ಡಬ್ಬ ಹಾಕಿ ಸ್ಟೀರಿಯೊದಲ್ಲೇ ನಡೆಸುವುದು ಒಳ್ಳೆಯದು. 1000 ವ್ಯಾಟ್ ಆರ್‌ಎಂಎಸ್‌ನ (ಸತತವಾಗಿ ತಾಳುವ ಪವರ್) 18 ಇಂಚಿನ ಒಂದೇ ಡಬ್ಬ ಇದ್ದವರಿಗೆ ಬ್ರಿಡ್ಜ್ ನಿಜಕ್ಕೂ ಉಪಯೋಗ.

ಬ್ರಿಡ್ಜ್‌ನಲ್ಲಿ ಎರಡೂ ಚಾನೆಲ್ ಒಂದಕ್ಕೊಂದು ಉಲ್ಟಾ ಫೇಸ್‌ನಲ್ಲಿ ಓಡುತ್ತವೆ, ಒಂದರ ವೋಲ್ಟೇಜ್ ಏರುವಾಗ ಇನ್ನೊಂದರದ್ದು ಇಳಿಯುತ್ತದೆ. ಸ್ಪೀಕರ್ ಆ ಎರಡರ ನಡುವೆ ಕೂರುತ್ತದೆ. ವೋಲ್ಟೇಜ್ ದುಪ್ಪಟ್ಟಾಗುತ್ತದೆ, ಆದರೆ ಪ್ರತಿ ಚಾನೆಲ್‌ಗೆ ಕಾಣುವ ಓಮ್ ಅರ್ಧಕ್ಕೆ ಇಳಿಯುತ್ತದೆ; ಓಮ್ ಇಳಿದಷ್ಟೂ ಹೊರೆ ಹೆಚ್ಚು. 8 ಓಮ್ ಡಬ್ಬ ಹಾಕಿದರೆ ಪ್ರತಿ ಚಾನೆಲ್‌ಗೂ ಅದು 4 ಓಮ್. ಎರಡು 8 ಓಮ್ ಡಬ್ಬಗಳನ್ನು ಪ್ಯಾರಲಲ್ ಮಾಡಿ ಬ್ರಿಡ್ಜ್‌ಗೆ ಹಾಕಿದರೆ ಒಟ್ಟು 4 ಓಮ್, ಅಂದರೆ ಚಾನೆಲ್‌ಗೆ 2 ಓಮ್. ಈ ಆಂಪ್ಲಿಫೈಯರ್ ಅದಕ್ಕೆ ಮಾಡಿದ್ದಲ್ಲ. ಮೊದಲು ಕ್ಲಿಪ್ ಲೈಟ್ (ಆಂಪ್ಲಿಫೈಯರ್ ಮಿತಿ ಮುಟ್ಟಿ ಸದ್ದು ಒಡೆಯುವ ಸೂಚನೆ), ಆಮೇಲೆ ಬಿಸಿ, ಆಮೇಲೆ ಫಾಲ್ಟ್ ಲೈಟ್ ಬಂದು ಸದ್ದು ನಿಲ್ಲುತ್ತದೆ. ಪದೇ ಪದೇ ಹಾಗೇ ನಡೆಸಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳೇ ಹೋಗುತ್ತವೆ. ಎರಡು 4 ಓಮ್ ಡಬ್ಬಗಳನ್ನು ಸೀರೀಸ್ ಮಾಡಿದರೆ 8 ಓಮ್ ಆಗುತ್ತದೆ, ಅದು ನಡೆಯುತ್ತದೆ.

ಲೇಬಲ್ ನಂಬಿ ಕೂರಬೇಡಿ, ಅದರಲ್ಲೂ ಕಾಯಿಲ್ ಮತ್ತೆ ಸುತ್ತಿಸಿದ ಸ್ಪೀಕರ್‌ನಲ್ಲಿ. ಕೇಬಲ್‌ನ ಆಂಪ್ಲಿಫೈಯರ್ ಕಡೆಯ ತುದಿಯಲ್ಲಿ ಮಲ್ಟಿಮೀಟರ್ ಇಡಿ: 5.5ರಿಂದ 6.5 ಓಮ್ ತೋರಿದರೆ ಅದು 8 ಓಮ್ ಡಬ್ಬ, 3ರಿಂದ 3.6 ತೋರಿದರೆ 4 ಓಮ್.

ಜೋಡಿಸುವಾಗ ಪವರ್ ಆಫ್ ಮಾಡಿ ಪ್ಲಗ್ ಕಿತ್ತಿರಬೇಕು. ಹಿಂದಿನ ಸ್ವಿಚ್ಚನ್ನು ಬ್ರಿಡ್ಜ್‌ಗೆ ತನ್ನಿ. ಅದೇ ಸ್ವಿಚ್‌ನಲ್ಲಿ ಪಕ್ಕದಲ್ಲೇ ಇರುವ ಪ್ಯಾರಲಲ್ ಸ್ಥಾನದ್ದು ಬೇರೆಯೇ ಕೆಲಸ: ಒಂದೇ ಸಿಗ್ನಲ್ ಎರಡೂ ಚಾನೆಲ್‌ಗೆ ಹೋಗುತ್ತದೆ ಅಷ್ಟೇ. ಬ್ರಿಡ್ಜ್‌ನಲ್ಲಿ ಸಿಗ್ನಲ್ ಮೊದಲ ಚಾನೆಲ್‌ಗೆ ಮಾತ್ರ ಕೊಡಿ. ಎರಡನೆಯದರ ಇನ್‌ಪುಟ್ ಖಾಲಿ ಇರಲಿ, ನಾಬ್ ಸೊನ್ನೆಯಲ್ಲಿರಲಿ. ಡಬ್ಬದ ಪ್ಲಸ್ ಮೊದಲ ಚಾನೆಲ್‌ನ ಕೆಂಪು ಟರ್ಮಿನಲ್‌ಗೆ, ಮೈನಸ್ ಎರಡನೇ ಚಾನೆಲ್‌ನ ಕೆಂಪಿಗೆ. ಎರಡೂ ಕಪ್ಪು ಟರ್ಮಿನಲ್ ಖಾಲಿ. ಸ್ಪೀಕಾನ್ (ತಿರುಗಿಸಿ ಲಾಕ್ ಮಾಡುವ ಸ್ಪೀಕರ್ ಪ್ಲಗ್) ಬಳಸುವವರು ಹಿಂದೆ ಮುದ್ರಿಸಿದ ಪಿನ್ ನಕ್ಷೆ ನೋಡಿ ಬ್ರಿಡ್ಜ್‌ಗೆಂದೇ ಬೇರೆ ಕೇಬಲ್ ಮಾಡಿಡಬೇಕು, ಅದಕ್ಕೊಂದು ಬಣ್ಣದ ಟೇಪ್ ಸುತ್ತಬೇಕು. ಸ್ಟೀರಿಯೊ ಕೇಬಲನ್ನೇ ಚುಚ್ಚಿದರೆ ಡಬ್ಬಕ್ಕೆ ಒಂದೇ ಚಾನೆಲ್ ಸಿಗುತ್ತದೆ. ಸದ್ದು ಬರುತ್ತದೆ, ಹಾಗಾಗಿ ತಪ್ಪು ಯಾರಿಗೂ ಹೊಳೆಯುವುದಿಲ್ಲ. ಬೇಸ್ ಸಾಲದೆಂದು ಮಿಕ್ಸರ್ ಏರಿಸುತ್ತಾ ಹೋಗುತ್ತಾರೆ.

8 ಓಮ್‌ಗೆ 1500 ವ್ಯಾಟ್ ಎಂದರೆ ತಂತಿಯಲ್ಲಿ ಸುಮಾರು 110 ವೋಲ್ಟ್, 13.7 ಆಂಪಿಯರ್. ಇದು ಜೀವಕ್ಕೆ ಅಪಾಯದ ವೋಲ್ಟೇಜ್. ತಿರುಚಿ ಟೇಪ್ ಸುತ್ತಿದ ಜೋಡಣೆ, ಒದ್ದೆ ನೆಲದ ಮೇಲೆ ಬರಿ ತುದಿ, ಎರಡೂ ಬೇಡ. ಎರಡೂ ತಂತಿಯಲ್ಲಿ ವೋಲ್ಟೇಜ್ ಇರುತ್ತದೆ. ಯಾವುದನ್ನೂ ಅರ್ಥ್‌ಗೆ, ರ‍್ಯಾಕ್‌ಗೆ ತಾಗಿಸಬಾರದು. ಕೇಬಲ್ 2.5 ಚದರ ಮಿಲಿಮೀಟರ್ ತಾಮ್ರದ್ದೇ ಇರಲಿ. 20 ಮೀಟರ್ ದೂರಕ್ಕೆ ಹೋಗಿ ಬರುವ ತಂತಿಯ ರೆಸಿಸ್ಟೆನ್ಸ್ 0.3 ಓಮ್ ಆಸುಪಾಸು, 1.5ರ ತಂತಿಯಲ್ಲಿ ಅದು 0.5ರ ಹತ್ತಿರ.

ಬ್ರಿಡ್ಜ್‌ನಲ್ಲಿ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) 6 ಡಿಬಿ ಏರುವುದರಿಂದ ಮೊದಲು ಕೇಳುವುದು ಹಮ್, ಅಂದರೆ ಕರೆಂಟಿನ ಗುಂಯ್‌ ಸದ್ದು. ಹಮ್ ಬಂತೆಂದು ಪ್ಲಗ್‌ನ ಅರ್ಥ್ ಪಿನ್ ಮುರಿಯುವ ಚಾಳಿ ಬಿಡಬೇಕು. ಆರ್‌ಸಿಎ (ಟಿವಿ, ಡಿವಿಡಿಗೆ ಬಳಸುವ ಪಿನ್) ಬಿಟ್ಟು ಎಕ್ಸ್‌ಎಲ್‌ಆರ್ ಬ್ಯಾಲೆನ್ಸ್ಡ್ ಕೇಬಲ್ (ಮೂರು ಪಿನ್ನಿನ ಮೈಕ್ ಕೇಬಲ್ ತರಹದ್ದು) ಹಾಕಿ, ಇನ್‌ಪುಟ್ ಸೆನ್ಸಿಟಿವಿಟಿ ಸ್ವಿಚ್ಚನ್ನು 0.775ರಿಂದ 1.4 ವೋಲ್ಟ್‌ಗೆ ಬದಲಿಸಿ. ಬಹಳಷ್ಟು ಸಲ ಅಷ್ಟರಲ್ಲೇ ಇಳಿಯುತ್ತದೆ.

ಇದರ ದೊಡ್ಡ ಕೊರತೆ, ಒಳಗೆ ಕ್ರಾಸ್‌ಓವರ್ (ಬೇಸ್, ಟ್ರೆಬಲ್ ಬೇರ್ಪಡಿಸುವ ಫಿಲ್ಟರ್) ಇಲ್ಲ. ಇದೇ ಕಂಪನಿಯ ಎಕ್ಸ್‌ಎಲ್‌ಎಸ್‌ನಲ್ಲಿ ಇದೆ. ಆದ್ದರಿಂದ ಹೊರಗಿನ ಕ್ರಾಸ್‌ಓವರ್ ಅಥವಾ ಪ್ರೊಸೆಸರ್‌ನ ಖರ್ಚು ಲೆಕ್ಕಕ್ಕೆ ಹಿಡಿದೇ ಕೊಳ್ಳಿ. 40 ಹರ್ಟ್ಸ್‌ಗೆ ಟ್ಯೂನ್ ಆದ ಪೋರ್ಟ್ ಡಬ್ಬಕ್ಕೆ 35 ಹರ್ಟ್ಸ್ ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ತಡೆಯುವುದು), 90–100ಕ್ಕೆ ಲೋಪಾಸ್ (ಮೇಲಿನದನ್ನು ತಡೆಯುವುದು) ಇಡಬಹುದು. ಹೈಪಾಸ್ ಇಲ್ಲದೆ 1500 ವ್ಯಾಟ್ ಬಿಟ್ಟರೆ ಟ್ಯೂನಿಂಗ್‌ಗಿಂತ ಕೆಳಗಿನ ಸ್ವರಕ್ಕೆ ಕೋನ್ ಹಿಡಿತ ತಪ್ಪಿ ಕಾಯಿಲ್ ಹಿಂದಿನ ಪ್ಲೇಟಿಗೆ ಬಡಿಯುತ್ತದೆ.

ರಾಯಚೂರಿನ ಬೇಸಿಗೆಯಲ್ಲಿ, ಮುಚ್ಚಿದ ರ‍್ಯಾಕ್‌ನೊಳಗೆ, ಬ್ರಿಡ್ಜ್ ಮಾಡಿದ ಆಂಪ್ಲಿಫೈಯರ್ ಬಲು ಬೇಗ ಕಾಯುತ್ತದೆ. ರ‍್ಯಾಕಿನ ಎರಡೂ ಮುಚ್ಚಳ ತೆಗೆದು, ಜನರೇಟರ್‌ನ ಬಿಸಿಗಾಳಿ ತಾಗದ ಕಡೆ ನೆರಳಲ್ಲಿಡಿ. ಸಂಡೂರು ಕಡೆಯ ಕೆಂಪು ಧೂಳು ಜಾಲರಿಗೆ ಕೂತಿದ್ದರೆ ಬ್ಲೋವರ್ ಹಿಡಿಯಬೇಕು; ಆಗ ಫ್ಯಾನ್ ರೆಕ್ಕೆ ತಿರುಗದಂತೆ ಕಡ್ಡಿಯಿಂದ ತಡೆಹಿಡಿಯಿರಿ. ಜೆಸ್ಕಾಂ ಲೈನ್ ಆಗಲಿ ಜನರೇಟರ್ ಆಗಲಿ, ಮೊದಲು ವೋಲ್ಟೇಜ್ ಅಳೆಯಿರಿ. ಟ್ರಾನ್ಸ್‌ಫಾರ್ಮರ್ ಆಧಾರದ ಆಂಪ್ಲಿಫೈಯರ್‌ನಲ್ಲಿ 230 ಇರಬೇಕಾದದ್ದು 190ಕ್ಕೆ ಇಳಿದರೆ ಗರಿಷ್ಠ ಪವರ್ ಮೂರನೇ ಎರಡರಷ್ಟೇ ಉಳಿಯುತ್ತದೆ, ಕ್ಲಿಪ್ ಅಷ್ಟು ಬೇಗ ಬರುತ್ತದೆ. 6 ಆಂಪಿಯರ್‌ನ ಪಿನ್ ಬೋರ್ಡ್ ಬೇಡ, 16 ಆಂಪಿಯರ್ ಸಾಕೆಟ್‌ನಿಂದಲೇ ತಂತಿ ಎಳೆಯಿರಿ.

ಫಾಲ್ಟ್ ಲೈಟ್ ಬಂದರೆ ಆಫ್ ಮಾಡಿ ಡಬ್ಬದ ತಂತಿ ತೆಗೆಯಿರಿ, ಆರಲು ಬಿಡಿ, ಡಬ್ಬವಿಲ್ಲದೆ ಆನ್ ಮಾಡಿ. ಲೈಟ್ ಹೋದರೆ ತಪ್ಪು ಕೇಬಲ್‌ನಲ್ಲೋ ಡಬ್ಬದಲ್ಲೋ ಹುಡುಕಬೇಕು. ಡಬ್ಬವಿಲ್ಲದೆಯೂ ಉರಿಯುತ್ತಿದ್ದರೆ ಸರ್ವಿಸ್‌ಗೆ ಕೊಡಿ. ಬೇರೆ ಡಬ್ಬ ಹಾಕಿ ನೋಡಲು ಹೋಗಬೇಡಿ, ಔಟ್‌ಪುಟ್‌ನಲ್ಲಿ ಡಿಸಿ ಇದ್ದರೆ ಆ ಕಾಯಿಲೂ ಸುಡುತ್ತದೆ.