ಕಕ್ಕಡದ ಮಳೆಯಲ್ಲಿ ವೆಟ್ ವೆಟ್ ವೆಟ್ ಸಿ.ಡಿ.

ಸ್ಕಾಟ್ಲೆಂಡಿನ ಪಾಪ್ ರಾಕ್ ತಂಡ ವೆಟ್ ವೆಟ್ ವೆಟ್‌ನ ಜನಪ್ರಿಯ ಹಾಡುಗಳ ಸಿ.ಡಿ.ಯೊಂದು ಮಡಿಕೇರಿಯ ಅಂಗಡಿಯೊಂದರಲ್ಲಿ 150 ರೂಪಾಯಿಗೆ ಸಿಕ್ಕಿತು. ಅದರ ಪುಸ್ತಿಕೆಯ ಹಾಳೆಗಳು ತೇವಕ್ಕೆ ಅಂಟಿಕೊಂಡಿದ್ದು ಬೇಸರ ತಂದರೂ ಸಿ.ಡಿ.ಯ ಮೇಲೆ ಒಂದು ಗೀರೂ ಇರಲಿಲ್ಲ.

1982ರಲ್ಲಿ ಗ್ಲಾಸ್ಗೋ ಬಳಿಯ ಕ್ಲೈಡ್‌ಬ್ಯಾಂಕ್‌ನಲ್ಲಿ ಹುಟ್ಟಿದ ಈ ತಂಡ ಬ್ರಿಟನ್ನಿನ ಸಿಂಗಲ್ಸ್ (ಬಿಡಿ ಹಾಡುಗಳ) ಜನಪ್ರಿಯತೆಯ ಪಟ್ಟಿಯಲ್ಲಿ ಮೂರು ಬಾರಿ ಅಗ್ರಸ್ಥಾನಕ್ಕೇರಿತು. ಟ್ರಾಗ್ಸ್ ತಂಡದ ಹಳೆಯ ಹಾಡನ್ನು ಸಿನಿಮಾವೊಂದಕ್ಕಾಗಿ ಮತ್ತೆ ಹಾಡಿದ ‘ಲವ್ ಈಸ್ ಆಲ್ ಅರೌಂಡ್’ 1994ರಲ್ಲಿ ಸತತ 15 ವಾರ ಅಲ್ಲೇ ನಿಂತಿತು, ಕೊನೆಗೆ ತಂಡವೇ ಅದನ್ನು ಮಾರಾಟದಿಂದ ಹಿಂತೆಗೆದುಕೊಂಡಿತು.

ನನಗೆ ಹೆಚ್ಚು ಹಿಡಿಸಿದ್ದು ಮಾತ್ರ ಅವರೇ ಬರೆದ, 1992ರಲ್ಲಿ ಅಗ್ರಸ್ಥಾನಕ್ಕೇರಿದ ‘ಗುಡ್‌ನೈಟ್ ಗರ್ಲ್’. ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ಮಳೆ ಹೆಂಚಿನ ಮೇಲೆ ಜೋರಾಗಿ ಸುರಿಯುತ್ತಿದ್ದರೂ ಅದನ್ನು ಹಾಡಿದ ಮಾರ್ಟಿ ಪೆಲ್ಲೋ ಅವರ ದನಿ ಅದರಲ್ಲಿ ತಿಳಿಯಾಗಿ ಕೇಳುತ್ತದೆ.